ನಿಲ್ಲುತ್ತದೆ ಎಂದು ಬರೆದಿತ್ತು

ಹೆಣಿಗೆ ಯಂತ್ರಗಳನ್ನು ತಯಾರಿಸುವ ನಮ್ಮ ಕಂಪನಿಯಲ್ಲಿ ಆಕೆಯನ್ನು ಎಲ್ಲರೂ ಬದನೆಕಾಯಕ್ಕ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಯಂತ್ರದ ಜತೆಗೆ ಕೊಡುವ ಕೈಪಿಡಿ ಬರೆಯುವುದು ಆಕೆಯ ಕೆಲಸ. ಗಿರಣಿಗಳಲ್ಲಿ ಆ ದಪ್ಪ ಪುಸ್ತಕ ಬಾಗಿಲಿಗೆ ಒತ್ತು ಕೊಡಲು, ಸ್ಟೂಲಿನ ಕುಂಟು ಕಾಲಿಗೆ ಆಸರೆಯಾಗಲು ಬಳಕೆಯಾಗುತ್ತಿತ್ತೇ ಹೊರತು ಓದುವವರು ಇರಲಿಲ್ಲ. "ಅದೆಲ್ಲ ಪುಸ್ತಕದ ಬದನೆಕಾಯಿ ಬಿಡಿ, ಯಂತ್ರದ ಮುಂದೆ ನಿಂತ್ರೆ ತಾನಾಗೇ ಬರುತ್ತೆ" ಎನ್ನುತ್ತಿದ್ದರು. ಹಾಗೆ ಬಂದ ಅಡ್ಡಹೆಸರು. ಅಕ್ಕನಿಗೂ ಅದು ಗೊತ್ತಿತ್ತು. "ಬದನೆಕಾಯಿ ಆದ್ರೇನಂತೆ, ಒಳಗೆ ಹುಳ ಇಲ್ದಿದ್ರೆ ಸಾಕು" ಎಂದು ಒಮ್ಮೆ ನನ್ನ ಮುಂದೆ ನಕ್ಕಿದ್ದರು.

ನಾನು ಅದೇ ಕೋಣೆಯಲ್ಲಿ ಅವರ ಎದುರು ಮೇಜಿನಲ್ಲಿ ಕೂತು ಆ ಪುಸ್ತಕಕ್ಕೆ ಚಿತ್ರ ಬರೆಯುತ್ತಿದ್ದವಳು. ಸೂಜಿ, ಕೊಕ್ಕೆ, ಸನ್ನೆಕೋಲು, ಗುಂಡಿ, ಇವೇ ನನ್ನ ಚಿತ್ರಗಳು. ಕಿಟಕಿಯಾಚೆ ಖಾಲಿ ಮರದ ಪೆಟ್ಟಿಗೆಗಳ ರಾಶಿ. ಗೋಡೆಯಾಚೆ, ಹೊಸ ಯಂತ್ರಗಳನ್ನು ಓಡಿಸಿ ನೋಡುವ ಹಜಾರ. ಅಲ್ಲಿಂದ ದಿನವಿಡೀ ಕಟಕಟ ಶಬ್ದ.

ಅಕ್ಕ ಮೊದಲು ಶಾಲೆಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದರು. ಶಾಲೆ ಮುಚ್ಚಿತು. ತಮ್ಮ ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡಿದ್ದರಿಂದ ತಾಯಿ ಬಟ್ಟೆ ಹೊಲಿದು ಮನೆ ನಡೆಸಿದ್ದರು. ತನಗಿಂತ ತುಂಬ ಚಿಕ್ಕವನಾದ ತಮ್ಮನನ್ನು ಅಕ್ಕನೇ ಎತ್ತಿ ಆಡಿಸಿ, ಓದಿಸಿ, ಮನುಷ್ಯನನ್ನಾಗಿ ಮಾಡಿದ್ದರು. ಮದುವೆಯ ಮಾತು ಒಂದೆರಡು ಸಲ ಬಂದು ಹಾಗೇ ಹೋಗಿತ್ತು. ತಮ್ಮ ಬುದ್ಧಿವಂತ. ನಮ್ಮ ಯಂತ್ರಗಳು ನಡೆಯುವುದು ಅವನು ಬರೆದ ಭಾಷೆಯಲ್ಲಿ. ಭಾಷೆ ಅಂದರೆ ನಾವು ಆಡುವ ಮಾತಲ್ಲ. ಈ ಸೂಜಿಗೆ ಕೆಂಪು, ಆ ಸೂಜಿಗೆ ನೀಲಿ ಎಂದು ಕಂಪ್ಯೂಟರಿನಿಂದ ಯಂತ್ರಕ್ಕೆ ಅಪ್ಪಣೆ ಕೊಡುವ ಭಾಷೆ. ಅಕ್ಕನನ್ನು ಕಂಪನಿಗೆ ಕರೆತಂದವನೂ ಅವನೇ. "ನಾನು ಬರೆದಿದ್ದು ನನಗೊಬ್ಬನಿಗೇ ಅರ್ಥ ಆಗೋದು ಅಕ್ಕ. ನೀನು ಜನಕ್ಕೆ ಅರ್ಥ ಆಗೋ ಹಾಗೆ ಬರಿ" ಎಂದಿದ್ದನಂತೆ.

ಅಕ್ಕ ಬರೆದ ಪುಟವನ್ನು ಮೊದಲು ತಾಯಿಗೆ ಓದಿ ಹೇಳುತ್ತಿದ್ದರು. ಆ ಮುದುಕಿಗೆ ತಿಳಿದರೆ ಮಾತ್ರ ಅಚ್ಚಿಗೆ. ಆ ಭಾಷೆಯಲ್ಲಿ ಬಣ್ಣಗಳ ಪಟ್ಟಿಗೆ ಹೇಳುವ 'ಅರೇ' ಎಂಬುದರ ಬಗ್ಗೆ ಅವರು ಬರೆದದ್ದು ನನಗೆ ಈಗಲೂ ಬಾಯಿಗೆ ಬರುತ್ತದೆ: "ಅರೇ ಎಂದರೆ ಒಂದು ಬೀದಿಯಲ್ಲಿ ಸಾಲಾಗಿ ನಿಂತ ಮನೆಗಳು. ಪ್ರತಿ ಮನೆಯಲ್ಲೂ ಒಂದು ಬಣ್ಣ ವಾಸವಾಗಿದೆ. ಮನೆಯ ಸಂಖ್ಯೆ ಹೇಳಿದರೆ ಆ ಬಣ್ಣ ಸೂಜಿಗೆ ಬರುತ್ತದೆ. ಮೊದಲ ಮನೆಯ ಸಂಖ್ಯೆ ಒಂದಲ್ಲ, ಸೊನ್ನೆ." ಇದನ್ನು ಕೇಳಿ ತಾಯಿ, "ಸೊನ್ನೆ ನಂಬರಿನ ಮನೇನ ಪೋಸ್ಟಿನವನು ಎಲ್ಲಿ ಅಂತ ಹುಡುಕ್ತಾನೆ ಪಾಪ" ಎಂದಿದ್ದರಂತೆ. ಅದರ ಮುಂದಿನ ವಾಕ್ಯ ಹೀಗಿತ್ತು: "ಕೊನೆಯ ಮನೆಯನ್ನು ದಾಟಿದ ಸಂಖ್ಯೆ ಕೊಟ್ಟರೆ ಅಲ್ಲಿ ಮನೆಯೇ ಇಲ್ಲದ ಕಾರಣ ಯಂತ್ರ ತಪ್ಪು ತೋರಿಸಿ ತಕ್ಷಣ ನಿಲ್ಲುತ್ತದೆ."

ಬರೆದಾಗ ಆ ವಾಕ್ಯ ನಿಜವಾಗಿತ್ತು. ಯಂತ್ರ ನಿಲ್ಲುತ್ತಿತ್ತು.

ಆದರೆ ಗಿರಣಿ ಮಾಲೀಕರಿಗೆ ಅದೇ ತಲೆನೋವಾಯಿತು. ಲೆಕ್ಕ ಒಂದು ಮನೆ ತಪ್ಪಿದರೂ ಯಂತ್ರ ಗಕ್ಕನೆ ನಿಂತು, ನೂಲು ಹರಿದು, ಅರ್ಧ ಹೆಣೆದ ಬಟ್ಟೆ ಹಾಳು. ದೂರಿನ ಮೇಲೆ ದೂರು. ಮ್ಯಾನೇಜರ್ ತಮ್ಮನ ಬೆನ್ನು ಹತ್ತಿದ. ತಮ್ಮ ಮಣಿದು ಭಾಷೆಯನ್ನು ತಿದ್ದಿದ: ಕೊನೆಯ ಮನೆ ದಾಟಿದರೆ ಇನ್ನು ಮೇಲೆ ನಿಲ್ಲುವುದಿಲ್ಲ, ಸುತ್ತು ಹೊಡೆದು ಮತ್ತೆ ಸೊನ್ನೆಯ ಮನೆಗೆ ಬರುತ್ತದೆ. ಮಾಲೀಕರು ಖುಷಿಯಾದರು. ಯಂತ್ರ ನಡೆಸುವವರಂತೂ ಇದರಲ್ಲೇ ಹೊಸ ಉಪಾಯ ಕಂಡುಕೊಂಡರು. ಪುಟ್ಟದೊಂದು ಹೂವಿನ ನಮೂನೆ ಕೊಟ್ಟುಬಿಟ್ಟರೆ ಸಾಕು, ಯಂತ್ರ ತಾನೇ ಸುತ್ತಿ ಸುತ್ತಿ ಇಡೀ ಬಟ್ಟೆಯ ತುಂಬ ಹೂ ಬಿಡಿಸುತ್ತಿತ್ತು.

ಇದು ಅಕ್ಕನಿಗೆ ಗೊತ್ತಾಗಲಿಲ್ಲ. ಆ ವಾರ ತಾಯಿ ಆಸ್ಪತ್ರೆಯಲ್ಲಿದ್ದರು. ವಾರ ಮುಗಿಯುವ ಹೊತ್ತಿಗೆ ತೀರಿಕೊಂಡರು. ಅಕ್ಕ ಕೆಲಸಕ್ಕೆ ಮರಳಿದಾಗ ಹೊಸ ಆವೃತ್ತಿ ಆಗಲೇ ಗಿರಣಿಗಳಿಗೆ ಹೋಗಿತ್ತು, ಹಳೆಯ ವಾಕ್ಯವನ್ನೇ ಹೊತ್ತ ಪುಸ್ತಕದ ಜತೆಗೆ. ಆ ವಾಕ್ಯವನ್ನು ಅವರು ಯಂತ್ರದ ಮುಂದೆ ನಿಂತು ಮತ್ತೆ ಪರೀಕ್ಷಿಸಲಿಲ್ಲ. ಭಾಷೆಯಲ್ಲಿ ಏನು ಬದಲಾದರೂ ತಮ್ಮ ಬಂದು ಹೇಳುವುದು, ತಾವು ಬರೆಯುವುದು, ಮೊದಲಿನಿಂದ ಹಾಗೇ ನಡೆದುಕೊಂಡು ಬಂದಿತ್ತು.

ಓದುವವರು ಯಾರೂ ಇಲ್ಲ ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಒಬ್ಬರಿದ್ದರು. ಊರಾಚೆಯ ಹಳೆಯ ಗಿರಣಿಯಲ್ಲಿ ಸೂಜಿಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು, ಸೂಜಿ ಮೇಸ್ತ್ರಿ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಪುಸ್ತಕದಲ್ಲಿ ಒಂದು ಅಚ್ಚಿನ ತಪ್ಪು ಕಂಡು ಕಂಪನಿಗೆ ಫೋನ್ ಮಾಡಿದ್ದರು. ಫೋನ್ ಎತ್ತಿಕೊಂಡ ಅಕ್ಕ ಅರೆಗಳಿಗೆ ನಂಬಲೇ ಇಲ್ಲ.

"ನೀವು ಅಷ್ಟು ದೂರದವರೆಗೂ ಓದಿದ್ದೀರಾ?"

"ಕೊನೇವರೆಗೂ ಓದಿದೀನಿ ಟೀಚರಮ್ಮ. ಎರಡು ಸಲ." ಪುಸ್ತಕ ಪಾಠ ಹೇಳಿದ ಹಾಗಿತ್ತೆಂದು ಅವರು ಹಾಗೆ ಕರೆದದ್ದು.

ಅಕ್ಕ ಫೋನಿಟ್ಟು ನನ್ನ ಕಡೆ ತಿರುಗಿ, "ನಂಗೊಬ್ಬ ಓದುಗ ಇದ್ದಾನೆ ಕಣೇ" ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ. ಮರುದಿನವೇ ಗಿರಣಿಗೆ ಹೋಗಿ ಮೇಸ್ತ್ರಿಯನ್ನು ಕಂಡು ಬಂದರು. ಮೇಸ್ತ್ರಿ ಪುಸ್ತಕಕ್ಕೆ ಮೇಣಬಟ್ಟೆಯ ಹೊದಿಕೆ ಹಾಕಿ, ಎಣ್ಣೆ ಕೈಯಲ್ಲಿ ಮುಟ್ಟದೆ, ತಮ್ಮ ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದರಂತೆ.

ಮೇಸ್ತ್ರಿ ಸೂಜಿ ಪರೀಕ್ಷಿಸಲು ಒಂದು ಕ್ರಮ ಇಟ್ಟುಕೊಂಡಿದ್ದರು. ಕೆಲವೇ ಮನೆಗಳ ಚಿಕ್ಕ ಅರೇ ಬರೆದು ತಮ್ಮ ಗಿರಣಿಯ ಹಳೆಯ ಯಂತ್ರ ಓಡಿಸುತ್ತಿದ್ದರು. ಮನೆ ಮುಗಿದ ಕೂಡಲೇ, ಪುಸ್ತಕದಲ್ಲಿ ಹೇಳಿದಂತೆ, ಯಂತ್ರ ತಪ್ಪು ತೋರಿಸಿ ನಿಲ್ಲುತ್ತಿತ್ತು. ಆಗ ಕೈ ಒಳಗೆ ಹಾಕಿ ಡೊಂಕಾದ ಸೂಜಿಯನ್ನು ಬಿಡಿಸುತ್ತಿದ್ದರು. ಕೈ ಹಾಕುವ ಮೊದಲು ವಿದ್ಯುತ್ ಆರಿಸಬೇಕು ಎಂದು ಗೋಡೆಯ ಮೇಲೆ ಬರೆದಿತ್ತು, ನಿಜ. ಆದರೆ ಆರಿಸಿದರೆ ಸೂಜಿಗಳನ್ನೆಲ್ಲ ಮೊದಲಿನಿಂದ ಹೊಂದಿಸಬೇಕು, ಅರ್ಧ ದಿನ ಹಾಳು. ಆರಿಸಿದವರನ್ನು ಮಾಲೀಕನೇ ಬೈಯುತ್ತಿದ್ದ. ಹಾಗಾಗಿ ಯಾರೂ ಆರಿಸುತ್ತಿರಲಿಲ್ಲ.

ಆ ಗಿರಣಿಗೆ ಹೊಸ ಆವೃತ್ತಿಯ ಯಂತ್ರ ಬಂದದ್ದು ತುಂಬ ತಡವಾಗಿ. ಅದರ ಜತೆ ಬಂದ ಪುಸ್ತಕವನ್ನು ಮೇಸ್ತ್ರಿ ಮೊದಲಿನಿಂದ ಓದಿದರು. ಅರೇ ಕುರಿತ ಪುಟವನ್ನು ವಿಶೇಷವಾಗಿ ನೋಡಿದರು, ತಮ್ಮ ಪರೀಕ್ಷೆ ನಿಂತಿದ್ದೇ ಅದರ ಮೇಲಲ್ಲವೇ. ಅದೇ ವಾಕ್ಯ, ಒಂದಕ್ಷರ ಬದಲಾಗಿರಲಿಲ್ಲ.

ಚಿಕ್ಕ ಅರೇ ಬರೆದು ಯಂತ್ರ ಓಡಿಸಿದರು. ಸೂಜಿಗಳ ಮೇಲೆ ಓಡಾಡುವ ಗಾಡಿ ಸಾಲಿನ ತುದಿಗೆ ಹೋಗಿ ನಿಂತಿತು. ಪ್ರತಿ ಸಾಲಿನ ತುದಿಯಲ್ಲೂ ಅದು ಒಂದು ಉಸಿರಿನಷ್ಟು ಹೊತ್ತು ನಿಲ್ಲುವುದು ವಾಡಿಕೆ. ವರ್ಷಗಳ ರೂಢಿಯಲ್ಲಿ, ತಪ್ಪಿನ ಸೂಚನೆಗೆ ಕಾಯದೆ, ಮೇಸ್ತ್ರಿ ಅದನ್ನು ಅರೇ ಮುಗಿದು ನಿಂತದ್ದು ಎಂದುಕೊಂಡರು. ಕೈ ಹಾಕಿದರು. ಗಾಡಿ ಸೊನ್ನೆಯಿಂದ ಶುರುವಾಗಿ ವಾಪಸು ಬಂತು.

ಬಲಗೈಯ ಮೂರು ಬೆರಳು ಹೋದವು.

ಪಕ್ಕದ ಯಂತ್ರದಲ್ಲಿದ್ದ ಹೆಂಗಸು ಓಡಿಬಂದು ವಿದ್ಯುತ್ ಆರಿಸಿದಳಂತೆ. "ಅದು ನಿಲ್ಲಲ್ಲ ಮೇಸ್ತ್ರಿ, ಸುತ್ತು ಹೊಡೆಯುತ್ತೆ! ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ!" ಎಂದು ಕಿರುಚಿಕೊಂಡಳಂತೆ. ಅವಳು ಪುಸ್ತಕವನ್ನು ಕಣ್ಣೆತ್ತಿಯೂ ನೋಡಿದವಳಲ್ಲ. ಯಂತ್ರ ಬಂದ ಮೊದಲ ದಿನವೇ ಅದು ಸುತ್ತುವುದನ್ನು ಕಣ್ಣಾರೆ ಕಂಡಿದ್ದಳು. ಆ ಗಿರಣಿಯಲ್ಲಿ ಎಲ್ಲರೂ ಕಂಡಿದ್ದರು. ಓದದವರ ಕೈಗಳೆಲ್ಲ ಉಳಿದವು. ಓದಿದವರ ಕೈ ಹೋಯಿತು.

ಸುದ್ದಿ ಕಂಪನಿಗೆ ಬಂದಾಗ ಅಕ್ಕ ಎದ್ದು ಹಜಾರಕ್ಕೆ ಹೋದರು. ನಾನೂ ಹಿಂದೆ ಹೋದೆ. ಚಿಕ್ಕ ಅರೇ ಬರೆದು ಯಂತ್ರ ಓಡಿಸಿದರು. ಅದು ತುದಿ ಮುಟ್ಟಿತು, ತಡೆಯಿತು, ತಿರುಗಿ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಅಕ್ಕ ಬಹಳ ಹೊತ್ತು ನೋಡುತ್ತ ನಿಂತಿದ್ದರು. ಕೊನೆಗೆ ನಾನೇ ಆರಿಸಿದೆ.

ಅಂದು ಸಂಜೆ ಅಡುಗೆಮನೆಯಲ್ಲಿ ಅಕ್ಕ ಮತ್ತು ತಮ್ಮನ ನಡುವೆ ನಡೆದ ಮಾತನ್ನು ಆಮೇಲೆ ಅಕ್ಕನೇ ನನಗೆ ಹೇಳಿದರು.

"ಯಾವಾಗ ಬದಲಾಯಿಸಿದೆ?"

"ಅಮ್ಮ ಆಸ್ಪತ್ರೇಲಿದ್ದಾಗ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳೋಕೆ ಅಂತಲೇ ಬಂದೆ ಅಕ್ಕ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ ನೀನು. ಅಮ್ಮನ ಚಪ್ಪಲಿ ಮಡಿಲಲ್ಲಿ ಇಟ್ಕೊಂಡು. ಆಗ ನಾನು ಅರೇ ವಿಷಯ ಎತ್ತಲಾ?"

"ಆಮೇಲೆ?"

"ಆಮೇಲೆ ಮರೆತೆ."

ಊಟ ಮಾಡದೆ ತಮ್ಮ ಎದ್ದ.

ಅಪಘಾತದ ಸರಕಾರಿ ತನಿಖೆಗೆ ಮೊದಲು ಮ್ಯಾನೇಜರ್ ಅಕ್ಕನನ್ನು ಕರೆದು ಬಾಗಿಲು ಹಾಕಿಕೊಂಡ. "ಒಂದು ವಾಕ್ಯ ತಾನೇ? ತಿದ್ದಿ, ಆ ಪುಟ ಹೊಸದಾಗಿ ಅಚ್ಚು ಹಾಕಿಸಿ, ಎಲ್ಲ ಗಿರಣಿಗೂ ಕಳಿಸಿಬಿಡೋಣ. ಹಳೇದು ಯಾರ ಹತ್ರ ಇರುತ್ತೆ?" ಅಕ್ಕ ಒಪ್ಪಲಿಲ್ಲ. ಹಳೆಯ ಪುಸ್ತಕವನ್ನೇ ಎತ್ತಿಕೊಂಡು ತನಿಖೆಯ ದಿನ ಗಿರಣಿಗೆ ಹೋದರು. ಆ ವಾಕ್ಯವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಇದು ಸುಳ್ಳು, ಇದನ್ನು ಬರೆದವಳು ನಾನು, ಇವರು ಇದನ್ನು ನಂಬಿ ಕೈ ಹಾಕಿದರು ಎಂದರು.

ತನಿಖೆಗೆ ಬಂದ ಅಧಿಕಾರಿ ಸಾವಧಾನದ ಮನುಷ್ಯ. "ಸರಿ ತಾಯಿ. ಆದರೆ ಕೈ ಹಾಕಿ ಅಂತ ಪುಸ್ತಕದಲ್ಲಿ ಎಲ್ಲಾದ್ರೂ ಬರೆದಿದೀರಾ?"

"ಇಲ್ಲ."

"ವಿದ್ಯುತ್ ಆರಿಸಿ ಅಂತ ಗೋಡೆ ಮೇಲೆ ಬರೆದಿದೆಯಾ?"

"ಇದೆ."

ಆತ ಮೇಸ್ತ್ರಿಯ ಕಡೆ ತಿರುಗಿದ. "ನೀವೇನಂತೀರಿ?"

ಮೇಸ್ತ್ರಿ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಹಿಂದೆ ಅವರ ಹೆಂಡತಿ, ಅದೇ ಗಿರಣಿಯಲ್ಲಿ ಅಂಚು ಹೊಲಿಯುವವಳು. "ಪುಸ್ತಕದ ತಪ್ಪೇನಿಲ್ಲ ಸ್ವಾಮಿ. ಆರಿಸದೆ ಕೈ ಹಾಕಿದ್ದು ನಂದೇ ತಪ್ಪು" ಎಂದರು ಮೇಸ್ತ್ರಿ.

ಅಲ್ಲಿಗೆ ತನಿಖೆ ಮುಗಿಯಿತು. ಅಕ್ಕ ಹೊರಗೆ ಬಂದಾಗ ಮೇಸ್ತ್ರಿಯ ಹೆಂಡತಿ ಹಿಂದೆಯೇ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೇಜಾರು ಮಾಡ್ಕೋಬೇಡಿ ಅಮ್ಮಾ. ತಪ್ಪು ಒಪ್ಕೊಂಡ್ರೆ ಗೇಟಿನಲ್ಲಿ ಕಾವಲು ಕೆಲಸ ಕೊಡ್ತೀನಿ ಅಂದಿದಾರೆ ಮಾಲೀಕರು. ಈ ಕೈಗೆ ಇನ್ನೆಲ್ಲಿ ಕೆಲಸ ಸಿಗುತ್ತೆ? ನೀವು ನಿಜ ಹೇಳಿದ್ರಿ. ನಾವು ಸುಳ್ಳು ಹೇಳ್ಬೇಕಾಯ್ತು, ಅಷ್ಟೇ."

ಅಕ್ಕನ ಹಟ ಶುರುವಾದದ್ದು ಆಗ. ಪುಸ್ತಕ ತಿದ್ದುವುದಿಲ್ಲ, ಭಾಷೆಯನ್ನೇ ತಿದ್ದು ಎಂದು ತಮ್ಮನಿಗೆ ಹೇಳಿದರು. "ಇಲ್ಲದ ಮನೆ ಬಾಗಿಲು ತಟ್ಟಿದ್ರೆ ಇಲ್ಲ ಅಂತ ಹೇಳ್ಬೇಕು. ಇನ್ನೊಬ್ಬರ ಮನೆಗೆ ಕರ್ಕೊಂಡು ಹೋಗೋದಲ್ಲ."

"ಪುಸ್ತಕ ಬದಲಾಯಿಸೋದು ಸುಲಭ ಅಕ್ಕ. ಭಾಷೆ ಬದಲಾಯಿಸಿದ್ರೆ ಅಷ್ಟೂ ಗಿರಣಿಯ ನಮೂನೆಗಳು ಕೆಟ್ಟು ನಿಲ್ಲುತ್ವೆ. ಅವರು ಸುತ್ತೋದನ್ನೇ ನಂಬ್ಕೊಂಡು ಕೂತಿದಾರೆ."

"ಮೇಸ್ತ್ರಿ ನಿಲ್ಲೋದನ್ನ ನಂಬಿದ್ರು."

ಮ್ಯಾನೇಜರ್ ಜತೆ ಜಗಳವಾಡಿ, ಕೊನೆಗೆ ತಮ್ಮನೇ ಹೊಸ ಆವೃತ್ತಿ ತಂದ. ಕೊನೆಯ ಮನೆ ದಾಟಿದರೆ ಯಂತ್ರ ಮತ್ತೆ ನಿಲ್ಲತೊಡಗಿತು. ಅಕ್ಕನ ವಾಕ್ಯ ಮತ್ತೆ ನಿಜವಾಯಿತು.

ಆದರೆ ಅವನು ಹೇಳಿದ್ದೇ ಆಯಿತು. ಹೂವಿನ ನಮೂನೆಗಳೆಲ್ಲ ಮೊದಲ ಹೂವಿಗೇ ನಿಂತವು. ಗಿರಣಿಗಳಲ್ಲಿ ಹಾಹಾಕಾರ. ಫೋನುಗಳು ಒಂದೇ ಸಮನೆ ಗಣಗಣಿಸಿದವು. "ಯಾರೋ ಒಬ್ಬ ಕೈ ಕಳ್ಕೊಂಡ ಅಂತ ನಾವೆಲ್ಲ ಕೈ ಕಟ್ಟಿ ಕೂರಬೇಕಾ?" ಎಂದು ಒಬ್ಬ ಮಾಲೀಕ ನನ್ನ ಕಿವಿಯಲ್ಲೇ ಅರಚಿದ. ಕಂಪನಿ ಆ ಆವೃತ್ತಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ, ತಮ್ಮನನ್ನು ಕೆಲಸದಿಂದ ತೆಗೆದರು. ಬಿಸಿ ತುಪ್ಪದ ಹಾಗೆ ಅವನಿಗೆ ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಹೊರಡುವ ದಿನ, "ನೀನು ಹೇಳಿದ್ದನ್ನ ಮಾಡಿದೆ ಅಕ್ಕ" ಎಂದನಂತೆ. ಅಷ್ಟೇ. ಬೇರೆ ಊರಿನಲ್ಲಿ ಗಡಿಯಾರದ ಕಾರ್ಖಾನೆಯೊಂದರಲ್ಲಿ ಕೆಲಸ ಹುಡುಕಿಕೊಂಡ. ಫೋನ್ ಮಾಡಿದರೆ ಊಟ ಆಯ್ತಾ, ಹುಷಾರಾಗಿದೀಯಾ, ಇಷ್ಟೇ ಮಾತು. ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಭಾಷೆ ಮತ್ತೆ ಸುತ್ತತೊಡಗಿದ ಮೇಲೆ ಅಕ್ಕನಿಗೆ ಬೇರೆ ದಾರಿ ಉಳಿಯಲಿಲ್ಲ. ಆ ವಾಕ್ಯವನ್ನು ಹೊಡೆದುಹಾಕಿ ಹೊಸದನ್ನು ಬರೆದರು: "ಕೊನೆಯ ಮನೆ ದಾಟಿದರೆ ಯಂತ್ರ ನಿಲ್ಲುವುದಿಲ್ಲ. ಮತ್ತೆ ಮೊದಲ ಮನೆಯಿಂದ ಶುರುಮಾಡುತ್ತದೆ. ತುದಿಯಲ್ಲಿ ತಡೆದದ್ದನ್ನು ನಿಂತಿತೆಂದು ತಿಳಿಯಬೇಡಿ. ಕೈ ಹಾಕಬೇಡಿ." ಆ ಪುಟ ಹಿಡಿದು ಗಿರಣಿಯ ಗೇಟಿಗೆ ಹೋದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡರು.

ಮೇಸ್ತ್ರಿ ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಕೂತಿದ್ದರು. ಕಾವಲುಗಾರನ ಅಂಗಿ ಅವರಿಗೆ ದೊಡ್ಡದಾಗಿತ್ತು, ಬಲಗೈ ಜೇಬಿನಲ್ಲಿತ್ತು. ಎದ್ದು ನಿಂತು ಎಡಗೈಯಲ್ಲಿ ಪುಟ ಇಸಿದುಕೊಂಡು ನಿಧಾನವಾಗಿ ಓದಿದರು.

"ಈಗ ಸರಿಯಾಗಿದೆ ಟೀಚರಮ್ಮ."

ಅಕ್ಕ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಸ್ತ್ರಿಯೇ ಕೇಳಿದರು, "ಉಳಿದದ್ದೆಲ್ಲ ಸರಿ ಇದೆಯಾ?"

ಚುಚ್ಚಬೇಕೆಂದು ಕೇಳಿದ್ದಲ್ಲ. ಅಷ್ಟು ದಪ್ಪ ಪುಸ್ತಕವನ್ನು ಎರಡು ಸಲ ಓದಿದ ಮನುಷ್ಯ ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು. ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಅತ್ತರು. ನಾನು ನೋಡದವಳಂತೆ ಕೂತೆ.

ಮರುದಿನದಿಂದ ಅವರು ಪುಸ್ತಕವನ್ನು ಮೊದಲ ವಾಕ್ಯದಿಂದ ಹಿಡಿದರು. ಒಂದು ವಾಕ್ಯ ಓದುವುದು, ಹಜಾರಕ್ಕೆ ಹೋಗಿ ಯಂತ್ರದಲ್ಲಿ ಅದನ್ನೇ ಮಾಡಿ ನೋಡುವುದು, ನಿಜವಾದರೆ ಬಿಡುವುದು, ಸುಳ್ಳಾದರೆ ತಿದ್ದುವುದು. ಕಂಪನಿ ಅವರಿಗೆ ಇದನ್ನು ಹೇಳಿರಲಿಲ್ಲ. ಹೊಸ ಮ್ಯಾನೇಜರ್ ಬಂದ, "ಬೆಟ್ಟ ಅಗೆದು ಇಲಿ ಹಿಡೀತಿದಾರೆ" ಎಂದು ನಕ್ಕ. ಇಲಿಗಳು ಸಿಗುತ್ತಲೇ ಇದ್ದವು. ಸೊನ್ನೆಗಿಂತ ಕಡಿಮೆ ಸಂಖ್ಯೆ ಕೊಟ್ಟರೆ ತಪ್ಪು ತೋರಿಸುತ್ತದೆ ಎಂದು ಬರೆದಿತ್ತು. ಯಂತ್ರ ಸದ್ದಿಲ್ಲದೆ ಹಿಂಬದಿಯಿಂದ ಎಣಿಸಿ ಕೊನೆಯ ಮನೆಯ ಬಣ್ಣ ತೆಗೆಯುತ್ತಿತ್ತು. ಖಾಲಿ ಅರೇ ಕೊಟ್ಟರೆ ಕಾಯುತ್ತದೆ ಎಂದಿತ್ತು. ಯಂತ್ರ ಹಿಂದಿನ ಬಟ್ಟೆಯ ಬಣ್ಣವನ್ನೇ ಹೆಣೆಯುತ್ತಿತ್ತು. ಪ್ರತಿಯೊಂದು ಸಿಕ್ಕಾಗಲೂ ಅಕ್ಕ ತಮ್ಮನಿಗೆ ಫೋನ್ ಮಾಡುತ್ತಿದ್ದರು. ಮೊದಮೊದಲು ಅವನು, "ನೆನಪಿಲ್ಲ ಅಕ್ಕ" ಎಂದು ಇಟ್ಟುಬಿಡುತ್ತಿದ್ದ. ಆಮೇಲಾಮೇಲೆ ಯಾಕೆ ಹಾಗಾಗುತ್ತದೆ ಎಂದು ಬಿಡಿಸಿ ಹೇಳತೊಡಗಿದ. ಊಟ ಆಯ್ತಾ ಎಂಬುದಕ್ಕಿಂತ ಒಂದೆರಡು ಮಾತು ಹೆಚ್ಚಾಯಿತು.

ವರ್ಷಗಳು ಕಳೆದವು. ಅಕ್ಕನಿಗೆ ಶ್ವಾಸಕೋಶದ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ರಜೆ ಹಾಕಿ ಬಂದು ತಮ್ಮ ಆಸ್ಪತ್ರೆಯಲ್ಲಿ ಜತೆಗಿದ್ದ. ಒಂದು ಮಧ್ಯಾಹ್ನ ನಾನು ಹೋದಾಗ ಅಕ್ಕನಿಗೆ ಗಂಜಿ ಕುಡಿಸುತ್ತಿದ್ದ.

"ಆವತ್ತು ಬೆಂಚಿನ ಹತ್ರ ನಾನು ಹೇಳಿಬಿಡಬೇಕಿತ್ತು ಅಕ್ಕ" ಎಂದ, ತಲೆ ಎತ್ತದೆ.

"ಹೇಳಿದ್ರೂ ನಂಗೆ ಕೇಳಿಸ್ತಿರಲಿಲ್ಲ ಕಣೋ" ಎಂದರು ಅಕ್ಕ. ಗಂಜಿ ಸಾಕೆಂದು ಕೈ ಅಡ್ಡ ಹಿಡಿದು, "ಆಮೇಲೆ ನಾನೂ ಕೇಳಬಹುದಿತ್ತು. ಏನಾದ್ರೂ ಬದಲಾಯಿಸಿದ್ಯಾ ಅಂತ ಒಂದು ಮಾತು. ಕೇಳಲಿಲ್ಲ" ಎಂದರು.

ಕೊನೆಯ ಅಧ್ಯಾಯ ಪರೀಕ್ಷೆಯಾಗದೆ ಉಳಿಯಿತು. ಅಕ್ಕ ಹೋಗಿಬಿಟ್ಟರು.

ಎಲ್ಲ ಮುಗಿದು ಬಂದವರು ಚದುರಿದ ಮೇಲೆ, ಮೇಸ್ತ್ರಿ ಅಕ್ಕನ ಮನೆಗೆ ಬಂದರು. ಹೆಂಡತಿ ತೀರಿಕೊಂಡಿದ್ದಳಂತೆ, ಒಬ್ಬರೇ ಬಂದಿದ್ದರು. ಅಲ್ಲಿಯವರೆಗೆ ಅವರ ಮುಖವನ್ನು ತಮ್ಮ ನೋಡಿದವನಲ್ಲ. ಎದ್ದು ನಿಂತ.

"ಆ ಭಾಷೆ ಬರೆದವನು ನಾನು" ಎಂದ.

"ಗೊತ್ತಾಯ್ತು. ಮುಖ ಅವರದೇ ಹಾಗಿದೆ."

"ನಾನು ಆಗಲೇ ಬಂದು ನಿಮ್ಮನ್ನ ನೋಡ್ಬೇಕಿತ್ತು."

ಮೇಸ್ತ್ರಿ ಪರವಾಗಿಲ್ಲ ಎನ್ನಲಿಲ್ಲ. "ಹೌದು. ಬರಬೇಕಿತ್ತು" ಎಂದರು. ಅದರಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಕೂತುಕೊಂಡು, "ಪುಸ್ತಕ ಮುಗೀತಾ ಅವರದು?" ಎಂದು ಕೇಳಿದರು.

"ಇಲ್ಲ. ಸ್ವಲ್ಪ ಉಳಿದಿದೆ. ಕಂಪನಿ ಈಗ ಪುಸ್ತಕ ಅಚ್ಚು ಹಾಕೋದನ್ನೇ ನಿಲ್ಲಿಸಿದೆ."

ಮೇಸ್ತ್ರಿ ತಲೆಯಾಡಿಸಿದರು. ನಾನು ತಂದಿಟ್ಟ ಚಹಾ ಮುಟ್ಟದೆ ಎದ್ದರು. ಅಕ್ಕನ ತಮ್ಮನೂ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆಯೇ ಹೊರಟ. ಬೇಡ ಎಂದು ಅವರೂ ಹೇಳಲಿಲ್ಲ, ಬರಲೇ ಎಂದು ಇವನೂ ಕೇಳಲಿಲ್ಲ. ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತಿತ್ತು. ಇಬ್ಬರೂ ಅಲ್ಲಿ ನಿಂತಿದ್ದರು, ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಬಸ್ಸು ಬರಲು ತುಂಬ ಹೊತ್ತಾಯಿತು. ಬಂದಾಗ ಮೇಸ್ತ್ರಿ ಎಡಗೈಯಲ್ಲಿ ಸರಳು ಹಿಡಿದು ಹತ್ತಿದರು. ಬಸ್ಸು ತಿರುವು ದಾಟಿದ ಮೇಲೂ ತಮ್ಮ ಅಲ್ಲಿಯೇ ನಿಂತಿದ್ದ.